ಸೀಮೆಎಣ್ಣೆ ದೀಪ: ಮನೆಗೆ, ಹೊಲಕ್ಕೆ, ಬೆಟ್ಟದ ಬೀಡಾರಕ್ಕೆ

ಕಚ್ಚಾ ಪೆಟ್ರೋಲಿಯಮ್ಮನ್ನು ಬಟ್ಟಿಯಿಳಿಸುವಾಗ ಪೆಟ್ರೋಲಿಗೂ ಡೀಸೆಲಿಗೂ ನಡುವೆ ಸಿಗುವ ತೆಳು ಎಣ್ಣೆಯನ್ನು ಉರಿಸಿ ಬೆಳಕು ಕೊಡುವ ದೀಪವೇ ಸೀಮೆಎಣ್ಣೆ ದೀಪ. ಬ್ರಿಟನ್ನಿನಲ್ಲಿ ಈ ಎಣ್ಣೆ ಪ್ಯಾರಾಫಿನ್, ಅಮೆರಿಕದಲ್ಲಿ ಕೆರೋಸಿನ್. ನಮ್ಮಲ್ಲಿ ಸೀಮೆಎಣ್ಣೆ, ಚಿಮಣಿ ಎಣ್ಣೆ, ಉತ್ತರ ಕರ್ನಾಟಕದಲ್ಲಿ ಘಾಸ್ಲೇಟ್, ತಮಿಳುನಾಡಿನಲ್ಲಿ ಮಣ್ಣೆಣ್ಣೈ. ಬುಡ್ಡಿದೀಪ, ಗಾಜಿನ ಚಿಮಣಿಯ ಮೇಜುದೀಪ, ಲಾಂದ್ರ ಅಥವಾ ಕಂದೀಲು, ಪಂಪು ಹೊಡೆದು ಹಚ್ಚುವ ಪೆಟ್ರೋಮ್ಯಾಕ್ಸ್ ಇದರ ನಾಲ್ಕು ಮುಖ್ಯ ಬಗೆಗಳು. ತೇನಿ ಜಿಲ್ಲೆಯ ಚಿನ್ನಮನೂರು ಮತ್ತು ಕಂಬಂ ಕಣಿವೆಯ ಗಾಳಿ, ಹೊಲ, ಬೆಟ್ಟಗಳನ್ನು ಮುಂದಿಟ್ಟುಕೊಂಡು ಇವುಗಳ ಆಯ್ಕೆ, ಬಳಕೆ, ಅಪಾಯಗಳನ್ನು ಇಲ್ಲಿ ವಿವರಿಸಿದೆ.

ಕಣಿವೆ ಮತ್ತು ಅದರ ಗಾಳಿ

ಚಿನ್ನಮನೂರು ತೇನಿಯಿಂದ ಕಂಬಕ್ಕೆ ಹೋಗುವ ದಾರಿಯಲ್ಲಿದೆ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನಿಂದ ಘಟ್ಟದಾಚೆಯ ನೀರು ಸುರಂಗದ ಮೂಲಕ ಈ ಕಡೆಗೆ ಇಳಿಯತೊಡಗಿದ ಮೇಲೆ ಇಲ್ಲಿ ಭತ್ತದ ಗದ್ದೆ, ಬಾಳೆ ಮತ್ತು ತೆಂಗಿನ ತೋಟಗಳು ಹಬ್ಬಿದವು. ಕಂಬದ ಸುತ್ತ ದ್ರಾಕ್ಷಿ ಬೆಳೆಯಿತು. ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ತಮಿಳರು ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. 1906ರ ಮದುರಾ ಜಿಲ್ಲಾ ಗೆಜೆಟಿಯರಿನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಇವರನ್ನೂ ಇವರು ಕಂಬದಲ್ಲಿ ದೇವರ ಹೆಸರಿನಲ್ಲಿ ಸಾಕುತ್ತಿದ್ದ ದನದ ಹಿಂಡನ್ನೂ ವಿವರವಾಗಿ ದಾಖಲಿಸಿದ್ದಾರೆ. ಬೇಸಾಯ, ದನಸಾಕಣೆ ಎರಡೂ ಕತ್ತಲಲ್ಲಿ ಕೈದೀಪ ಬೇಡುವ ಕೆಲಸಗಳು. ಸರದಿಯ ನೀರು ನಡುರಾತ್ರಿ ಬಂದರೆ ಆಗಲೇ ಹೋಗಿ ಮಡೆ ತಿರುಗಿಸಬೇಕು, ಹಸು ಈಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಬೆಳಕಿರಬೇಕು.

ಇಲ್ಲಿ ದೀಪ ಆಯ್ದುಕೊಳ್ಳುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಗಾಳಿಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಪಶ್ಚಿಮಘಟ್ಟದ ಕಂಡಿಗಳ ಮೂಲಕ ಕಣಿವೆಗೆ ನುಗ್ಗುತ್ತದೆ. ಆಂಡಿಪಟ್ಟಿ ಕಡೆಯ ಬಯಲಿನಲ್ಲಿ ಸಾಲುಸಾಲು ಗಾಳಿಯಂತ್ರಗಳು ನಿಂತಿರುವುದು ಇದೇ ಗಾಳಿಯನ್ನು ನಂಬಿ. ಗೊನೆ ಹೊತ್ತ ಬಾಳೆಗಿಡಗಳು ಉರುಳುವುದೂ ಇದರಿಂದಲೇ. ಈ ಗಾಳಿಗೆ ಬುಡ್ಡಿದೀಪ ಅಂಗಳ ದಾಟುವುದಿಲ್ಲ. ಎಣ್ಣೆ ಎಲ್ಲ ದೀಪಕ್ಕೂ ಒಂದೇ, ಪೆಟ್ರೋಮ್ಯಾಕ್ಸ್ ಬಿಟ್ಟರೆ ಬತ್ತಿಯೂ ಹೆಚ್ಚುಕಡಿಮೆ ಒಂದೇ. ಉರಿಗೆ ಗಾಳಿಯನ್ನು ಹೇಗೆ, ಎಷ್ಟು, ಯಾವ ದಾರಿಯಿಂದ ಒದಗಿಸುತ್ತದೆ ಎಂಬುದರಲ್ಲೇ ಒಂದು ದೀಪಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದು. ಕೊಳ್ಳುವಾಗ ಇದನ್ನು ಗಮನಿಸಿದವರಿಗೆ ಮಿಕ್ಕದ್ದು ಸುಲಭ.

ಎಣ್ಣೆ ಬಂದ ದಾರಿ

ಕೆನಡಾದ ಅಬ್ರಹಾಂ ಗೆಸ್ನರ್ 1846ರಲ್ಲಿ ಕಲ್ಲಿದ್ದಲಿನಿಂದ ದೀಪದ ಎಣ್ಣೆ ತೆಗೆದು ತೋರಿಸಿದ. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ 1850ರಲ್ಲಿ ಪ್ಯಾರಾಫಿನ್ ಎಣ್ಣೆಗೆ ಪೇಟೆಂಟ್ ಪಡೆದ. ಪೋಲಿಷ್ ಔಷಧಿಕಾರ ಇಗ್ನಾತ್ಸಿ ವುಕಾಸೆವಿಚ್ ರೂಪಿಸಿದ ದೀಪ 1853ರಲ್ಲಿ ಲ್ವೀವ್ ಊರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಬೆಳಕು ಕೊಟ್ಟಿತು. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿದ ಮೇಲೆ ಬೆಲೆ ಇಳಿಯಿತು. ಭಾರತಕ್ಕೆ ಮೊದಲು ಅಮೆರಿಕದ, ಆಮೇಲೆ ರಷ್ಯದ, ಕೊನೆಗೆ ಬರ್ಮಾದ ಎಣ್ಣೆ ಬಂತು. ನಾಲ್ಕು ಗ್ಯಾಲನ್ ಹಿಡಿಸುವ ಚೌಕ ತಗಡಿನ ಡಬ್ಬಗಳಲ್ಲಿ ಅದು ಊರೂರು ತಲುಪಿತು. ಎಣ್ಣೆ ಮುಗಿದ ಡಬ್ಬ ನೀರಿನ ಕೊಡವಾಯಿತು, ಅಕ್ಕಿ ತುಂಬುವ ಡಬ್ಬವಾಯಿತು, ಬಿಚ್ಚಿ ಹರಡಿದರೆ ಮಾಡಿನ ತಗಡಾಯಿತು, ಕತ್ತರಿಸಿದರೆ ಬುಡ್ಡಿದೀಪವೂ ಆಯಿತು. ಹರಳೆಣ್ಣೆ, ಹೊಂಗೆಣ್ಣೆಯ ಹಣತೆಗಳು ದೇವರ ಮುಂದೆ ಉಳಿದುಕೊಂಡವು.

ಲಾಂದ್ರಗಳೂ ಬಹುಕಾಲ ಜರ್ಮನಿ, ಅಮೆರಿಕಗಳಿಂದ ಬರುತ್ತಿದ್ದವು. ಸ್ವದೇಶಿಯ ಹುರುಪಿನಲ್ಲಿ ಮಹಾರಾಷ್ಟ್ರದ ಕರಾಡದ ಬಳಿ ಓಗಲೆ ಗಾಜಿನ ಕಾರ್ಖಾನೆಯವರು ತಯಾರಿಸಿದ ‘ಪ್ರಭಾಕರ್’ ಕಂದೀಲು ಉತ್ತರ ಕರ್ನಾಟಕದ ಮನೆಗಳಿಗೂ ಬಂತು. ಕಂಬಂ ಕಣಿವೆಯ ತಲೆಯಲ್ಲಿರುವ ಲೋವರ್ ಕ್ಯಾಂಪಿನಲ್ಲಿ 1950ರ ದಶಕದ ಕೊನೆಗೆ ಪೆರಿಯಾರ್ ಜಲವಿದ್ಯುತ್ ಕೇಂದ್ರ ಶುರುವಾದರೂ ದೀಪಗಳು ಅಟ್ಟ ಸೇರಲು ಇನ್ನೂ ದಶಕಗಳು ಬೇಕಾದವು. ಸೇರಿದವುಗಳೂ ಆಗಾಗ ಕೆಳಗಿಳಿದವು. 2012ರ ಸುಮಾರಿಗೆ ತಮಿಳುನಾಡಿನ ಜಿಲ್ಲೆಗಳಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ಕರೆಂಟು ಹೋಗುತ್ತಿತ್ತು. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ದಿಂಡಿಗಲ್ ಜಿಲ್ಲೆಯನ್ನು ಹಾದುಹೋದಾಗ ಕೊಡೈಕೆನಾಲ್ ಬೆಟ್ಟದ ಹಳ್ಳಿಗಳು ದಿನಗಟ್ಟಲೆ ಕತ್ತಲಲ್ಲಿದ್ದವು.

ಬಗೆಗಳು ಮತ್ತು ಆಯ್ಕೆ

ಬುಡ್ಡಿದೀಪಕ್ಕೆ ಗಾಜಿಲ್ಲ, ಗಾಳಿಯ ದಾರಿಯೂ ಇಲ್ಲ. ಸೀಸೆ ಅಥವಾ ತಗಡಿನ ಬುಡ್ಡಿಯ ಮುಚ್ಚಳದಲ್ಲಿ ತೂತು ಮಾಡಿ ಬತ್ತಿ ಇಳಿಬಿಟ್ಟರೆ ಮುಗಿಯಿತು. ಎಣ್ಣೆ ಅರೆಬರೆ ಉರಿದು ಉಳಿದದ್ದು ಮಸಿಯಾಗಿ ಮೇಲೇಳುತ್ತದೆ. 2012ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಇಂಥ ದೀಪದಲ್ಲಿ ಉರಿಯುವ ಎಣ್ಣೆಯ ಶೇ. 7ರಿಂದ 9ರಷ್ಟು ಭಾಗ ಬಹುಪಾಲು ಶುದ್ಧ ಕಪ್ಪು ಇಂಗಾಲದ ಕಣವಾಗಿ ಗಾಳಿಗೆ ಸೇರುತ್ತದೆ. ಅದರಡಿ ಓದುವ ಮಗುವಿನ ಮೂಗಿನೊಳಗೆ ಬೆಳಗಾಗುವಷ್ಟರಲ್ಲಿ ಮಸಿ ಕಟ್ಟಿರುವುದು ಇದರಿಂದಲೇ. ಇಷ್ಟಕ್ಕೆ ಸಿಗುವ ಬೆಳಕಾದರೂ ಸುಮಾರು 10 ಲ್ಯೂಮೆನ್ ಮಾತ್ರ. 60 ವ್ಯಾಟಿನ ಹಳೇ ಬಲ್ಬು ಕೊಡುತ್ತಿದ್ದುದು ಸುಮಾರು 700. ಉರುಳಿದರಂತೂ ಎಣ್ಣೆ ಚೆಲ್ಲಿ ಚಾಪೆ, ಸೀರೆಗೆ ಬೆಂಕಿ ಹಿಡಿಯುತ್ತದೆ. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಇಂಥ ಸುಟ್ಟಗಾಯಗಳಿಗೆ ಚಿಕಿತ್ಸೆ ಮಾಡಿ ಮಾಡಿ ನೊಂದು 1990ರ ದಶಕದಲ್ಲಿ ಬೇರೊಂದು ಬುಡ್ಡಿಯನ್ನು ರೂಪಿಸಿದರು. ಗಿಡ್ಡ, ದಪ್ಪ ಗಾಜು, ಉರುಳದಂತೆ ಎರಡು ಚಪ್ಪಟೆ ಬದಿ, ತಿರುಗಿಸಿ ಬಿಗಿಯುವ ಲೋಹದ ಮುಚ್ಚಳ. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಬೇರೆ ಗತಿಯೇ ಇಲ್ಲದ ಮನೆಗೆ ಅಂಥ ಬುಡ್ಡಿ ಜೀವ ಉಳಿಸುವಂಥದ್ದು. ಉಳಿದವರು ಬುಡ್ಡಿದೀಪವನ್ನು ಮನೆಯಿಂದ ಹೊರಗಿಡುವುದೇ ಸರಿ.

ಗಾಜಿನ ಚಿಮಣಿಯ ಮೇಜುದೀಪ ಇದಕ್ಕಿಂತ ಎಷ್ಟೋ ಮೇಲು. ಉರಿಯ ಸುತ್ತ ಗಾಜಿನ ಕೊಳವೆ ನಿಲ್ಲಿಸಿದರೆ ಬಿಸಿಗಾಳಿ ಮೇಲೇರಿ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಉರಿ ಬೆಳ್ಳಗಾಗುತ್ತದೆ. ಸ್ವಿಸ್ ವಿಜ್ಞಾನಿ ಏಮೆ ಆರ್ಗಾನ್ 1780ರ ಹೊತ್ತಿಗೆ, ಸೀಮೆಎಣ್ಣೆ ಬರುವ ಮೊದಲೇ, ಇದನ್ನು ಕಂಡುಕೊಂಡಿದ್ದ. ಗಾಳಿಯಾಡದ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ ಚಿಮಣಿ ದೀಪ ಓದಲಿಕ್ಕೆ ಚೆನ್ನ. ಕದ ತೆರೆದರೆ ಸಾಕು, ಉರಿ ನೆಗೆದು ಗಾಜು ಕಪ್ಪಾಗುತ್ತದೆ.

ಲಾಂದ್ರ ಕಂಡುಕೊಂಡ ದಾರಿ ಜಾಣತನದ್ದು. ಅಮೆರಿಕದ ಜಾನ್ ಅರ್ವಿನ್ 1860ರ ದಶಕದ ಕೊನೆಗೆ ರೂಪಿಸಿ, ಡೀಟ್ಸ್ ಕಂಪನಿಯವರು ಜಗತ್ತಿಗೆಲ್ಲ ಹಂಚಿದ ಈ ದೀಪದ ಎರಡೂ ಬದಿಯಲ್ಲಿ ತಗಡಿನ ಕೊಳವೆಗಳಿವೆ. ನೋಡುವವರಿಗೆ ಅವು ಹಿಡಿಕೆಯ ಚೌಕಟ್ಟಿನಂತೆ ಕಾಣುತ್ತವೆ, ಆದರೆ ಅವೇ ದೀಪದ ಶ್ವಾಸನಾಳ. ಮೇಲಿನಿಂದ ಗಾಳಿ ಈ ಕೊಳವೆಗಳಲ್ಲಿ ಇಳಿದು ಬತ್ತಿಯ ಬುಡಕ್ಕೆ ಬರುತ್ತದೆ. ಹೊರಗೆ ಬಿರುಗಾಳಿ ಬೀಸಿದರೂ ಒಳಗೆ ಬರುವ ಗಾಳಿ ಹದ ತಪ್ಪದು. ಮೊದಲ ಮಾದರಿಯಲ್ಲಿ ಉರಿಯಿಂದ ಮೇಲೆದ್ದ ಬಿಸಿಗಾಳಿಯೇ ಹೊಸ ಗಾಳಿಯೊಂದಿಗೆ ಬೆರೆತು ಕೊಳವೆಗೆ ಮರಳುತ್ತಿತ್ತು. ಉರಿದುಳಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಬೆಳಕು ಹಳದಿ, ಮಂಕು. ಎಣ್ಣೆ ಮಾತ್ರ ಉಳಿತಾಯ. 1870ರ ದಶಕದಲ್ಲಿ ಅರ್ವಿನ್ನನೇ ತಂದ ಎರಡನೆಯ ಮಾದರಿಯಲ್ಲಿ ಹೊಗೆ ಒಂದು ಬಾಯಿಂದ ಹೊರಹೋಗುತ್ತದೆ, ಅದರ ಸುತ್ತಲಿನ ಬೇರೆ ಬಾಯಿಂದ ಹೊರಗಿನ ತಂಪು ಗಾಳಿ ಒಳಬರುತ್ತದೆ. ಬೆಳಕು ಬೆಳ್ಳಗೆ, ಹೆಚ್ಚು.

ಅಂಗಡಿಯಲ್ಲಿ ಎರಡನ್ನೂ ಬೇರೆ ಮಾಡಿ ನೋಡಬಹುದು. ಗಾಜಿನ ಮೇಲಿನ ತಗಡಿನ ಟೊಪ್ಪಿಗೆಯನ್ನು ಎತ್ತಿ ಕೆಳಗಿನಿಂದ ನೋಡಿ. ನಡುವೆ ಹೊಗೆಯ ಕೊಳವೆ ಪ್ರತ್ಯೇಕವಾಗಿದ್ದು ಬದಿಯ ಕೊಳವೆಗಳ ಬಾಯಿ ಅದರ ಹೊರಗಿದ್ದರೆ ತಂಪುಗಾಳಿಯ ಲಾಂದ್ರ. ಗಾಜಿನ ಬಾಯಿಯೇ ನೇರವಾಗಿ ಬದಿಯ ಕೊಳವೆಗಳಿಗೆ ತೆರೆದುಕೊಂಡಿದ್ದರೆ ಬಿಸಿಗಾಳಿಯದು. ಚಿನ್ನಮನೂರಿನಂಥ ಊರಿಗೆ ಮೊದಲನೆಯದೇ ಒಳ್ಳೆಯದು. ಕೊಳವೆ ಮತ್ತು ಎಣ್ಣೆಬುಡ್ಡಿ ಸೇರುವ ಬೆಸುಗೆಯ ಮೇಲೆ ಬೆರಳಾಡಿಸಿ, ಬುಡ್ಡಿಗೆ ನೀರು ತುಂಬಿ ಬೋರಲು ಹಿಡಿದು ಸೋರಿಕೆ ನೋಡಿ, ಆಮೇಲೆ ಪೂರ್ತಿ ಒಣಗಿಸಿ. ಬತ್ತಿ ಏರಿಳಿಸುವ ತಿರುಪು ಜಾರದೆ ತಿರುಗಬೇಕು. ಬದಲಿ ಗಾಜು, ಬದಲಿ ಬತ್ತಿ ಅದೇ ಅಂಗಡಿಯಲ್ಲಿ ಸಿಗದಿದ್ದರೆ ಎಷ್ಟೇ ಚೆಂದದ ಲಾಂದ್ರವೂ ಬೇಡ. ಗಾಜು ಒಡೆದ ದಿನವೇ ಅದು ಮೂಲೆ ಸೇರುತ್ತದೆ. ಮಧ್ಯಮ ಗಾತ್ರದ ಲಾಂದ್ರ ಬೆಳತನಕ ಉರಿಯುತ್ತದೆ. ಹೆಸರಾಂತ ಜರ್ಮನ್ ಲಾಂದ್ರ ಫಾಯರ್‌ಹ್ಯಾಂಡ್ 276ರ ಬುಡ್ಡಿ 340 ಮಿಲಿಲೀಟರಿನದು, ಒಮ್ಮೆ ತುಂಬಿದರೆ ಸುಮಾರು 20 ಗಂಟೆ ಬರುತ್ತದೆ.

ಪೆಟ್ರೋಮ್ಯಾಕ್ಸಿನಲ್ಲಿ ಬತ್ತಿಯೇ ಇಲ್ಲ. ಬುಡ್ಡಿಯೊಳಗೆ ಪಂಪು ಹೊಡೆದು ತುಂಬಿದ ಗಾಳಿ ಎಣ್ಣೆಯನ್ನು ಮೇಲೆ ನೂಕುತ್ತದೆ. ಕಾದ ಕೊಳವೆಯಲ್ಲಿ ಎಣ್ಣೆ ಆವಿಯಾಗಿ ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು ನೀಲಿಯಾಗಿ ಉರಿಯುತ್ತದೆ. ಬೆಳಕು ಕೊಡುವುದು ಆ ಉರಿಯಲ್ಲಿ ಬೆಳ್ಳಗೆ ಕಾದ ಮ್ಯಾಂಟಲ್ ಎಂಬ ಪುಟ್ಟ ಬಟ್ಟೆಚೀಲ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್‌ನ ಕಂಪನಿ 1910ರ ಸುಮಾರಿಗೆ ಇದನ್ನು ಮಾರುಕಟ್ಟೆಗೆ ತಂದಿತು. ಮ್ಯಾಂಟಲನ್ನು ಕಂಡುಹಿಡಿದವನು ಆಸ್ಟ್ರಿಯಾದ ಕಾರ್ಲ್ ಆವರ್. 1891ರಲ್ಲಿ ಅವನು ನಿಲ್ಲಿಸಿದ ಪಾಕ ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಆ ಥೋರಿಯಮ್ಮಿಗಾಗಿ ಜಗತ್ತು ಅಲೆಯುತ್ತಿದ್ದಾಗ 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಶೋಂಬರ್ಗ್ ತಿರುವಾಂಕೂರು ಸೀಮೆಯ ಮಣವಾಳಕುರಿಚ್ಚಿ ಕಡಲತಡಿಯ ಮರಳಿನಲ್ಲಿ ಮೋನಜೈಟ್ ಗುರುತಿಸಿದ. ಇಂದಿನ ಕನ್ಯಾಕುಮಾರಿ ಜಿಲ್ಲೆಯ ಈ ಮರಳು ಹಡಗೇರಿ ಹೋಗಿ, ಮ್ಯಾಂಟಲ್ಲಾಗಿ ಲೋಕವನ್ನು ಬೆಳಗಿತು. ಈಗ ಥೋರಿಯಮ್ಮಿನಂತೆ ವಿಕಿರಣ ಬೀರದ ಇಟ್ರಿಯಂ ಮ್ಯಾಂಟಲುಗಳೂ ಇವೆ. ಹಳೇ ಬಗೆಯದಾದರೆ ಒಡೆದ ಚೂರಿನ ಪುಡಿಯನ್ನು ಊದಬಾರದು, ಉಸಿರಿಗೆ ತೆಗೆದುಕೊಳ್ಳಬಾರದು.

ಮದುವೆ ಚಪ್ಪರ, ಯಕ್ಷಗಾನದ ರಂಗಸ್ಥಳ, ಮೆರವಣಿಗೆಗಳನ್ನು ಬೆಳಗಿದ್ದು ಇದೇ ದೀಪ. ದೊಡ್ಡ ಪೆಟ್ರೋಮ್ಯಾಕ್ಸ್ ಸಾವಿರಕ್ಕೂ ಮೇಲೆ ಲ್ಯೂಮೆನ್ ಕೊಡುತ್ತದೆ, ಒಂದು ಲೀಟರ್ ಎಣ್ಣೆಯನ್ನು ಸುಮಾರು 8 ಗಂಟೆಯಲ್ಲಿ ಮುಗಿಸುತ್ತದೆ. ನಾಲ್ಕು ಜನರ ಮನೆಗೆ ಅಷ್ಟು ಬೆಳಕೂ ಬೇಡ, ಅಷ್ಟು ಸೆಕೆಯೂ ಬೇಡ, ಬಿಡದೆ ಕೇಳುವ ಆ ಬುಸುಗುಟ್ಟುವಿಕೆಯೂ ಬೇಡ.

ಹಚ್ಚುವುದು, ಕಾಪಾಡುವುದು

ಲಾಂದ್ರದ ಹೊಸ ಬತ್ತಿಯನ್ನು ಎಣ್ಣೆಯಲ್ಲಿ ಕಾಲುಗಂಟೆ ನೆನೆಯಲು ಬಿಡಬೇಕು. ಒಣ ಬತ್ತಿಗೆ ಬೆಂಕಿ ಮುಟ್ಟಿಸಿದರೆ ಎಣ್ಣೆಯ ಬದಲು ನೂಲೇ ಉರಿದು ಅಂಚು ಕರಕಲಾಗುತ್ತದೆ. ಬತ್ತಿಯ ತಲೆಯನ್ನು ಚೂಪಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಎರಡೂ ಮೂಲೆಗಳನ್ನು ಎಳ್ಳಷ್ಟು ಕಿತ್ತರೆ ಉರಿ ಅರ್ಧಚಂದ್ರಾಕಾರಕ್ಕೆ ಬರುತ್ತದೆ. ಒಂದೇ ಒಂದು ನೂಲು ಮೇಲೆದ್ದಿದ್ದರೂ ಅಲ್ಲಿ ಉರಿ ಕೋಡಾಗಿ ಚಾಚಿ ಗಾಜಿನ ಆ ಮಗ್ಗುಲಿಗೆ ಮಸಿಯ ಪಟ್ಟೆ ಬಳಿಯುತ್ತದೆ. ಮಸಿ ಯಾವ ಕಡೆ ಇದೆಯೆಂದು ನೋಡಿಯೇ ಬತ್ತಿಯ ಯಾವ ಮೂಲೆ ಕತ್ತರಿಸಬೇಕೆಂದು ಹೇಳಬಹುದು. ಹಚ್ಚಿದ ಕೂಡಲೇ ಬತ್ತಿ ಏರಿಸಬಾರದು. ಗಾಜು ಬೆಚ್ಚಗಾಗಿ ಕೊಳವೆಗಳಲ್ಲಿ ಗಾಳಿಯ ಓಟ ಶುರುವಾಗಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಉರಿ ಸಣ್ಣದಾಗಿರಲಿ. ಹೆಚ್ಚು ಬೆಳಕು ಬೇಕೆಂದು ಬತ್ತಿ ಏರಿಸುತ್ತ ಹೋದರೆ ಸಿಗುವುದು ಹೊಗೆ ಮಾತ್ರ. ಉರಿಯ ತುದಿ ಕೆಂಪಾಗಿ ನಡುಗಿದರೆ ಇಳಿಸಬೇಕೆಂದು ಅರ್ಥ.

ಗಾಜು ತೊಳೆಯುವುದು ಹಗಲಿನ ಕೆಲಸ. ಸೋಸಿದ ಬೂದಿ, ಹಳೇ ಹತ್ತಿಬಟ್ಟೆ ಸಾಕು. ನೀರು ಮುಟ್ಟಿಸಿದರೆ ಪೂರ್ತಿ ಒಣಗದೆ ಹಚ್ಚಬಾರದು, ಹನಿ ಉಳಿದ ಜಾಗದಲ್ಲೇ ಗಾಜು ಸೀಳುತ್ತದೆ. ಬುಡ್ಡಿಯನ್ನು ಕಂಠಮಟ್ಟ ತುಂಬದೆ ಎಣ್ಣೆ ಹಿಗ್ಗಲು ಸ್ವಲ್ಪ ಜಾಗ ಬಿಡಬೇಕು. ಉರಿಯುತ್ತಿರುವ ದೀಪಕ್ಕೆ, ಬಿಸಿಯಾರದ ದೀಪಕ್ಕೆ ಎಣ್ಣೆ ಹಾಕುವುದು ಮನೆ ಸುಡುವ ದಾರಿ.

ಪೆಟ್ರೋಮ್ಯಾಕ್ಸಿಗೆ ತಾಳ್ಮೆ ಬೇಕು. ಹೊಸ ಮ್ಯಾಂಟಲನ್ನು ಕಟ್ಟಿ, ಕೆಳಗಿನ ಬಟ್ಟಲಿನಲ್ಲಿ ಸ್ಪಿರಿಟ್ ಉರಿಸಿದರೆ ಬಟ್ಟೆ ಮೊದಲು ಕಪ್ಪಾಗಿ, ಆಮೇಲೆ ಕುಗ್ಗಿ, ಕೊನೆಗೆ ಬಿಳಿಯ ಬೂದಿಯ ಚೀಲವಾಗುತ್ತದೆ. ಆಮೇಲೆ ಅದು ಜೇಡರ ಬಲೆಯಷ್ಟೇ ಗಟ್ಟಿ, ಬೆರಳು ತಾಗಿದರೆ ಉದುರುತ್ತದೆ. ಸ್ಪಿರಿಟ್ ಪೂರ್ತಿ ಉರಿದು ಕೊಳವೆ ಕಾಯುವ ಮೊದಲೇ ಪಂಪು ಹೊಡೆದರೆ ಎಣ್ಣೆ ಆವಿಯಾಗದೆ ದ್ರವವಾಗಿಯೇ ಚಿಮ್ಮಿ ಇಡೀ ದೀಪ ಹೊತ್ತಿಕೊಳ್ಳುತ್ತದೆ. ಆಗ ಗಾಳಿಯ ತಿರುಪು ಸಡಿಲಿಸಿ ಒತ್ತಡ ಬಿಡಬೇಕು. ಬೆಳಕು ಮಿಣುಕಿದರೆ ತೂತಿಗೆ ಪಿನ್ನು ಆಡಿಸಬೇಕು. ಇದನ್ನು ಮಕ್ಕಳ ಕೈಗೆ ಕೊಡುವ ಮಾತೇ ಇಲ್ಲ.

ಎಣ್ಣೆಯ ವಿಷಯ

ದೀಪಕ್ಕೆ ಸೀಮೆಎಣ್ಣೆಯನ್ನು ಬಿಟ್ಟು ಬೇರೇನೂ ಹಾಕಬಾರದು. ಭಾರತೀಯ ಮಾನಕದಂತೆ ಸೀಮೆಎಣ್ಣೆಯ ಆವಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಂಕಿ ಹಿಡಿಯಕೂಡದು. ಪೆಟ್ರೋಲಿನ ಆವಿಯಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುತ್ತದೆ. ಬೈಕಿನ ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಒಂದಿಷ್ಟು ಬೆರೆಸಿದರೂ ಲಾಂದ್ರ ಸಿಡಿಮದ್ದಾಗುತ್ತದೆ. ಡೀಸೆಲ್ ಸಿಡಿಯದಿದ್ದರೂ ಹೊಗೆ ಕಾರಿ ಬತ್ತಿಯನ್ನು ಅಂಟಾಗಿಸುತ್ತದೆ. ಔಷಧದಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹೆಸರಿಗೆ ಮಾತ್ರ ಹತ್ತಿರದ್ದು. ಆ ಗಟ್ಟಿ ಎಣ್ಣೆ ಬತ್ತಿ ಏರುವುದಿಲ್ಲ. ಪಡಿತರದ ಎಣ್ಣೆಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಖಾಸಗಿಯಾಗಿ ಮಾರುವುದು ಬಣ್ಣವಿಲ್ಲದ್ದು. 2016ರ ಉಜ್ವಲಾ ಅಡುಗೆ ಅನಿಲ, 2017ರ ಸೌಭಾಗ್ಯ ವಿದ್ಯುತ್ ಯೋಜನೆಗಳ ನಂತರ ರಾಜ್ಯಗಳಿಗೆ ಬರುವ ಪಡಿತರದ ಸೀಮೆಎಣ್ಣೆ ಬಹಳ ಇಳಿದಿದೆ. ಹೀಗಾಗಿ ಲಾಂದ್ರ ಕೊಳ್ಳುವ ಮೊದಲು ಎಣ್ಣೆ ಎಲ್ಲಿ ಸಿಗುತ್ತದೆಂದು ವಿಚಾರಿಸುವುದು ಒಳ್ಳೆಯದು.

ಎಣ್ಣೆಯನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡಲೇಬಾರದು. ನಮ್ಮ ದೇಶದಲ್ಲಿ ಪುಟ್ಟ ಮಕ್ಕಳು ಆಕಸ್ಮಿಕವಾಗಿ ನುಂಗಿ ಆಸ್ಪತ್ರೆ ಸೇರುವ ವಸ್ತುಗಳಲ್ಲಿ ಸೀಮೆಎಣ್ಣೆ ಮುಂಚೂಣಿಯಲ್ಲಿದೆ. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಹೊಟ್ಟೆಯಲ್ಲಿರುವುದಕ್ಕಿಂತ ವಾಂತಿಯಲ್ಲಿ ಶ್ವಾಸಕೋಶಕ್ಕೆ ಇಳಿಯುವ ಎಣ್ಣೆಯೇ ಹೆಚ್ಚು ಅಪಾಯ. ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.

ಬೆಟ್ಟದ ಬೀಡಾರದಲ್ಲಿ

ಚಿನ್ನಮನೂರಿನಿಂದ ದಕ್ಷಿಣಕ್ಕೆ ತಿರುವುಗಳ ಮೇಲೆ ತಿರುವು ಹತ್ತುವ ರಸ್ತೆ ಮೇಘಮಲೈ ಚಹಾತೋಟಗಳಿಗೆ ಹೋಗುತ್ತದೆ. ಬ್ರಿಟಿಷರು ಇದನ್ನು ಹೈ ವೇವಿಸ್ ಎನ್ನುತ್ತಿದ್ದರು. ಸುತ್ತಲಿನ ಕಾಡು ವನ್ಯಧಾಮ. 2021ರಲ್ಲಿ ಶ್ರೀವಿಲ್ಲಿಪುತ್ತೂರಿನ ಕಾಡಿನೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ವನ್ಯಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು, ಉರಿಯುವ ಬೆಂಕಿ ಬಿಟ್ಟುಹೋಗುವುದು ಅಪರಾಧ. ಇದನ್ನು ಬರೀ ಕಾಗದದ ನಿಯಮವೆಂದು ಈ ಜಿಲ್ಲೆಯಲ್ಲಿ ಯಾರೂ ಹೇಳಲಾರರು. 2018ರ ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡುಗಿಚ್ಚಿನಲ್ಲಿ ಸಿಕ್ಕಿಕೊಂಡರು, 20ಕ್ಕೂ ಹೆಚ್ಚು ಮಂದಿ ಸತ್ತರು. ದೀಪದಿಂದ ಹುಟ್ಟಿದ ಬೆಂಕಿ ಅದೆಂದು ಇಲ್ಲಿ ಹೇಳುತ್ತಿಲ್ಲ. ಬೇಸಗೆಯ ಒಣಹುಲ್ಲು, ಇಳಿಜಾರು, ಬೀಸುಗಾಳಿ ಮೂರೂ ಸೇರಿದಾಗ ಓಡಿ ತಪ್ಪಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ ಎಂಬುದನ್ನು ಅದು ತೋರಿಸಿತು. ಆ ವರ್ಷವೇ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು.

ಆದ್ದರಿಂದ ಕಾಡಿನೊಳಗೆ ಎಣ್ಣೆದೀಪ ಬೇಡ, ಅಲ್ಲಿಗೆ ಬ್ಯಾಟರಿಯ ತಲೆದೀಪವೇ ಸರಿ. ಚಹಾತೋಟದ ಬಂಗಲೆಯ ಜಗುಲಿ, ಸ್ವಂತ ತೋಟದ ಮನೆ, ಹುಲ್ಲು ಕೆತ್ತಿದ ಅಂಗಳಗಳಲ್ಲಿ ತಂಪುಗಾಳಿಯ ಲಾಂದ್ರ ಬಳಸಬಹುದು. ಪೆಟ್ರೋಮ್ಯಾಕ್ಸ್ ಒಯ್ದರೆ ಘಾಟಿಯ ಕುಲುಕಿಗೆ ಮ್ಯಾಂಟಲ್ ಉದುರಿರುತ್ತದೆ, ಬದಲಿಗಳು ಜೊತೆಗಿರಲಿ. ಲಾಂದ್ರದ ಬುಡ್ಡಿ ಖಾಲಿ ಮಾಡಿ, ಎಣ್ಣೆಯನ್ನು ತಿರುಪು ಮುಚ್ಚಳದ ಲೋಹದ ಕ್ಯಾನಿನಲ್ಲಿ ಬೇರೆಯಾಗಿ ಒಯ್ಯಬೇಕು. ಮಲಗುವ ಡೇರೆಯೊಳಗೆ ಯಾವ ಎಣ್ಣೆದೀಪವನ್ನೂ ಉರಿಸಬಾರದು. ನೈಲಾನ್ ಬಟ್ಟೆ ಕ್ಷಣದಲ್ಲಿ ಕರಗಿ ಮೈಗಂಟುತ್ತದೆ. ಮೇಘಮಲೈಯ ಚಳಿಗೆ ಡೇರೆಯ ಬಾಯಿ ಬಿಗಿದರಂತೂ ಗಾಳಿ ಸಾಲದೆ ಅರೆಬರೆ ಉರಿಯುವ ದೀಪದಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆಯಿಲ್ಲದ ಆ ವಿಷ ನಿದ್ದೆಯಿಂದ ಏಳಿಸುವುದಿಲ್ಲ.

ಇಂದಿನ ಸ್ಥಿತಿ

ದಿನನಿತ್ಯದ ಬೆಳಕಿಗೆ ಸೀಮೆಎಣ್ಣೆಯ ಕಾಲ ಮುಗಿದಿದೆ, ಮುಗಿಯಲೇಬೇಕಿತ್ತು. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸಾಲದ ಕಂತಿನ ಮೇಲೆ ಸೌರದೀಪ ಒಯ್ದು, ಬಡವರೂ ಬುಡ್ಡಿಯನ್ನು ಬಿಡಬಲ್ಲರು ಎಂದು ತೋರಿಸಿತು. ಈ ಕೆಲಸಕ್ಕೆ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಓದಲು, ಅಡುಗೆಗೆ, ಮಗು ಮಲಗುವ ಕೋಣೆಗೆ ಎಲ್‌ಇಡಿ ದೀಪಕ್ಕೆ ಸಮನಾದದ್ದಿಲ್ಲ. ಚಂಡಮಾರುತದ ವಾರದಲ್ಲಿ, ಮೋಡ ಮುಚ್ಚಿ ಬ್ಯಾಟರಿ ಬರಿದಾದಾಗ, ಒಂದು ಲೀಟರ್ ಎಣ್ಣೆಯಿಂದ ಎಷ್ಟೋ ರಾತ್ರಿ ಕಳೆಯಬಲ್ಲ ಲಾಂದ್ರ ಇನ್ನೂ ಕೆಲಸಕ್ಕೆ ಬರುತ್ತದೆ. ಹಾಗೆ ಕಾಪಿಡುವ ಲಾಂದ್ರದಲ್ಲಿ ಎಣ್ಣೆ ಬಿಟ್ಟಿರಬಾರದು. ತಿಂಗಳುಗಟ್ಟಲೆ ನಿಂತ ಎಣ್ಣೆ ಬತ್ತಿಯನ್ನು ಅಂಟುಮಾಡುತ್ತದೆ, ತಳದಲ್ಲಿ ಕೂತ ನೀರು ತಗಡನ್ನು ತಿನ್ನುತ್ತದೆ. ಬುಡ್ಡಿ ಬರಿದು ಮಾಡಿ, ಬತ್ತಿ ತೆಗೆದು, ಗಾಜಿಗೆ ಬಟ್ಟೆ ಸುತ್ತಿ, ಹೊಸ ಬತ್ತಿಯೊಂದನ್ನು ಹಿಡಿಕೆಗೆ ಕಟ್ಟಿಡಬೇಕು. ತಮಿಳರ ಆಡಿ ತಿಂಗಳ ಗಾಳಿ ಶುರುವಾಗುವ ಮೊದಲು ಒಮ್ಮೆ ಹಚ್ಚಿ ನೋಡಬೇಕು.